ಮುಗಿಯದ ಹಳಿಗೆ ಮಿತಿಯ ವ್ರತ

1891ರ ವಸಂತದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ವ್ಯಾಪಾರ ಮೇಳದಲ್ಲಿ ಒಂದು ಆಟಿಕೆ ಜನರ ಕಣ್ಣು ಸೆಳೆಯಿತು. ಗೋಪಿಂಗನ್ ಎಂಬ ಊರಿನ ಮೆರ್ಕ್ಲಿನ್ ಸಂಸ್ಥೆ ತಂದಿದ್ದ, ಕೀಲಿ ಕೊಟ್ಟರೆ ಹಳಿಯ ಮೇಲೆ ಓಡುವ ತಗಡಿನ ರೈಲು ಅದು. ಆಟದ ರೈಲುಗಳು ಅದಕ್ಕೆ ಮುಂಚೆಯೂ ಇದ್ದವು. ಅಲ್ಲಿ ಹೊಸದಾಗಿದ್ದುದು ಮಾರಾಟದ ಕ್ರಮ. ಹಳಿಯ ಅಗಲಕ್ಕೆ ಗೊತ್ತಾದ ಅಳತೆಗಳಿದ್ದವು. ಇಂದು ಕೊಂಡ ಹಳಿಗೆ ನಾಳೆ ಕೊಳ್ಳುವ ಹಳಿ ಹೊಂದಿಕೊಳ್ಳುತ್ತಿತ್ತು. ಈ ವರ್ಷ ಒಂದು ಎಂಜಿನ್, ಬರುವ ವರ್ಷ ಎರಡು ಡಬ್ಬಿ, ಆಮೇಲೊಂದು ನಿಲ್ದಾಣ, ಆಮೇಲೊಂದು ಸೇತುವೆ. ಬೊಂಬೆಮನೆಯ ಪಾತ್ರೆಪಡಗಗಳನ್ನು ಮಾಡಿ ಮಾರುತ್ತಿದ್ದ ಆ ಮನೆತನಕ್ಕೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು: ಬೊಂಬೆಮನೆ ಕೊಂಡವರು ಅದರೊಳಗಿಡುವ ಸಾಮಾನಿಗಾಗಿ ಮತ್ತೆ ಮತ್ತೆ ಅಂಗಡಿಗೆ ಬರುತ್ತಾರೆ. ರೈಲನ್ನೂ ಹಾಗೆಯೇ ಮಾರಿದರು. ಎಂದೂ ಪೂರ್ಣವಾಗದಿರುವುದೇ ಆ ಆಟಿಕೆಯ ಲಕ್ಷಣವಾಯಿತು.

ವ್ಯಾಪಾರಿ ಅಂದು ಕಂಡುಕೊಂಡ ಈ ಗುಟ್ಟನ್ನು ಜೈನಾಚಾರ್ಯರು ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ಕಂಡಿದ್ದರು. ಇಚ್ಛೆಯು ತಾನಾಗಿ ಎಲ್ಲಿಯೂ ನಿಲ್ಲುವುದಿಲ್ಲ. ಒಂದು ಕೈಗೂಡಿದ ಕ್ಷಣದಲ್ಲಿಯೇ ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತದೆ. ಈ ಸತ್ಯದಲ್ಲಿ ವ್ಯಾಪಾರಿ ಲಾಭವನ್ನು ಕಂಡ. ಆಚಾರ್ಯರು ಬಂಧವನ್ನು ಕಂಡರು. ಅದಕ್ಕಾಗಿಯೇ ಗೃಹಸ್ಥನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದಾಗಿ ಪರಿಗ್ರಹ ಪರಿಮಾಣವನ್ನು ಇಟ್ಟರು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತಕ್ಕೆ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಅದು ಇಚ್ಛಾಪರಿಮಾಣ. ಅಳೆಯಬೇಕಾದುದು ಮನೆಯಲ್ಲಿರುವ ವಸ್ತುವಿಗೂ ಮಿಗಿಲಾಗಿ ಮನದಲ್ಲಿರುವ ಬಯಕೆ ಎಂಬುದು ಆ ಒಂದು ಹೆಸರಿನಲ್ಲಿಯೇ ಅಡಗಿದೆ.

ಲೈಪ್‌ಜಿಗ್ ಮೇಳದ ನಂತರ ಆ ಪುಟ್ಟ ರೈಲು ದೇಶದೇಶಗಳಿಗೆ ಹರಿಯಿತು. ಅಮೆರಿಕದಲ್ಲಿ 1900ರಲ್ಲಿ ಲಯೊನೆಲ್ ಸಂಸ್ಥೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಹೆಸರಿನ ರೈಲುಗಳು 1920ರಲ್ಲಿ ಪೇಟೆಗೆ ಬಂದವು. ಮಕ್ಕಳ ಆಟಿಕೆ ಕ್ರಮೇಣ ವಯಸ್ಕರ ಹವ್ಯಾಸವಾಯಿತು. ನಿಜವಾದ ರೈಲಿನ ಒಂದೊಂದು ಕೊಳವೆ, ಒಂದೊಂದು ಮೊಳೆಯನ್ನೂ ಬಿಡದೆ ಅಳತೆಗೆ ಇಳಿಸಿದ ಮಾದರಿಗಳು ಬಂದವು. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎಂದು ಹೆಸರು. ಅದರಲ್ಲಿ ಎಲ್ಲವೂ ಮೂಲದ 87ನೆಯ ಒಂದು ಭಾಗ. ಯೂರೋಪಿನ 1,435 ಮಿಲಿಮೀಟರ್ ಅಗಲದ ಹಳಿ ಅಲ್ಲಿ 16.5 ಮಿಲಿಮೀಟರ್ ಆಗುತ್ತದೆ. ಕೆಲವರ ಮನೆಯಲ್ಲಿ ಅದಕ್ಕೂ ಜಾಗ ಸಾಲದೆಂದು ಮೆರ್ಕ್ಲಿನ್ 1972ರಲ್ಲಿ 220ನೆಯ ಒಂದು ಭಾಗದ ಅಳತೆಯನ್ನು ತಂದಿತು. ಅದರ ಹಳಿಯ ಅಗಲ 6.5 ಮಿಲಿಮೀಟರ್, ಇಡೀ ರೈಲುಮಾರ್ಗವೊಂದು ಕೈಪೆಟ್ಟಿಗೆಯಲ್ಲಿ ಅಡಗೀತು.

ಇಲ್ಲಿ ನಿಂತು ಯೋಚಿಸಬೇಕಾದ ಒಂದು ವಿಚಾರವಿದೆ. ವಸ್ತು ಎಂಬತ್ತೇಳು ಪಟ್ಟು ಕಿರಿದಾಯಿತು, ಇನ್ನೂರಿಪ್ಪತ್ತು ಪಟ್ಟು ಕಿರಿದಾಯಿತು. ಅದನ್ನು ಬಯಸುವ ಮನಸ್ಸು ಮಾತ್ರ ಎಳ್ಳಷ್ಟೂ ಕಿರಿದಾಗಲಿಲ್ಲ. ದೊಡ್ಡ ವಸ್ತುವಿಗೆ ಮನೆಯ ಗೋಡೆಯೇ ಮಿತಿ ಹಾಕುತ್ತದೆ. ಹತ್ತು ಕಾರುಗಳನ್ನು ನಿಲ್ಲಿಸಲು ಅಂಗಳ ಬೇಕು. ಅಂಗೈಯಲ್ಲಿ ಹಿಡಿಸುವ ಎಂಜಿನ್ ನೂರಾದರೂ ಒಂದು ಕಪಾಟಿನಲ್ಲಿ ಕೂರುತ್ತದೆ. ಕಿರಿದು ಎಂಬ ಕಾರಣಕ್ಕೆ ಪರಿಗ್ರಹ ಕಡಿಮೆ ಎಂದು ಭಾವಿಸುವವನು ತಕ್ಕಡಿಯನ್ನು ತಪ್ಪಾಗಿ ಹಿಡಿದಿದ್ದಾನೆ.

ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹವನ್ನು ಮೂರ್ಛೆ ಎಂದು ಗುರುತಿಸಿದ್ದಾರೆ. ‘ಇದು ನನ್ನದು’ ಎಂಬ ಭಾವದಲ್ಲಿ ಆತ್ಮವು ತನ್ನ ಅರಿವನ್ನು ಮರೆತು ಮಲಗುವುದೇ ಆ ಮೂರ್ಛೆ. ಪರಂಪರೆಯು ಹೊರಗಿನ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸಿದೆ: ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆಪದಾರ್ಥ. ಒಳಗಿನದನ್ನು ಹದಿನಾಲ್ಕು ಬಗೆಯಾಗಿ ಎಣಿಸಿದೆ: ಮಿಥ್ಯಾತ್ವ, ನಾಲ್ಕು ಕಷಾಯಗಳು, ಹಾಸ್ಯ, ರತಿ ಮೊದಲಾದ ಒಂಬತ್ತು ನೋಕಷಾಯಗಳು. ಆಟದ ರೈಲನ್ನು ಹೊರಗಿನ ಪಟ್ಟಿಯಲ್ಲಿ ಪಾತ್ರೆಪದಾರ್ಥಗಳ ಜೊತೆಗೆ ಒಂದು ಮೂಲೆಯಲ್ಲಿ ಸೇರಿಸಿ ಮುಗಿಸಬಹುದು. ಒಳಗಿನ ಪಟ್ಟಿಯಲ್ಲಿ ಅದು ಎಷ್ಟು ಕಡೆ ಕೈಚಾಚಿದೆ ಎಂಬುದನ್ನು ಅದರ ಒಡೆಯನೇ ಹೇಳಬೇಕು. ಹೊಸ ಮಾದರಿ ಕಂಡಾಗ ಲೋಭ, ಕೈಗೆ ಬಂದಾಗ ರತಿ, ಮತ್ತೊಬ್ಬನಿಗೆ ಹೋದಾಗ ಶೋಕ, ಮಗುವೊಂದು ಅದರತ್ತ ಕೈ ನೀಡಿದಾಗ ಭಯ, ಮುರಿದಾಗ ಕ್ರೋಧ, ಅತಿಥಿಗಳಿಗೆ ತೋರಿಸುವಾಗ ಮಾನ. ಒಂದು ಅಂಗೈಯಗಲದ ತಗಡು ಇಷ್ಟೆಲ್ಲವನ್ನೂ ಎಳೆದೊಯ್ಯುತ್ತದೆಯಾದರೆ ಆ ಎಂಜಿನ್ನಿನ ಶಕ್ತಿ ಸಾಮಾನ್ಯವಲ್ಲ.

ಹಾಗೆಂದು ಈ ಹವ್ಯಾಸವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಾಗದು. ಶ್ರಾವಕನು ಮುನಿಯಲ್ಲ. ಪಿಂಛಿ, ಕಮಂಡಲು ಹೊರತು ಬೇರೇನನ್ನೂ ಹಿಡಿಯದ ಮಹಾವ್ರತಿಯ ಅಳತೆಯಿಂದ ಸಂಸಾರಿಯನ್ನು ಅಳೆಯಬೇಕೆಂದು ಶಾಸ್ತ್ರವೂ ಹೇಳುವುದಿಲ್ಲ. ದುಡಿದು ದಣಿದ ಮನಸ್ಸಿಗೆ ವಿನೋದ ಬೇಕು. ಮದ್ಯ, ಜೂಜುಗಳಂಥ ಸಪ್ತವ್ಯಸನಗಳ ಪಕ್ಕದಲ್ಲಿಟ್ಟು ನೋಡಿದರೆ ಪುಟ್ಟ ರೈಲನ್ನು ಕಟ್ಟುತ್ತ ಕೂರುವವನು ಯಾರ ಮನೆಯನ್ನೂ ಮುರಿಯುತ್ತಿಲ್ಲ. ಅದರಲ್ಲಿ ಕೌಶಲವೂ ತಾಳ್ಮೆಯೂ ಇವೆ. ಇಂಗ್ಲೆಂಡಿನ ಪ್ರಸಿದ್ಧ ಗಾಯಕ ರಾಡ್ ಸ್ಟೀವರ್ಟ್ ತಾವು ಕಟ್ಟಿದ ರೈಲುನಗರವನ್ನು 2019ರಲ್ಲಿ ಜಗತ್ತಿಗೆ ತೋರಿಸಿದಾಗ, ಅದರ ಹಿಂದೆ 23 ವರ್ಷಗಳ ಕೆಲಸವಿತ್ತು. ಕಛೇರಿಗಳಿಗಾಗಿ ಊರೂರು ಸುತ್ತುವಾಗಲೂ ಅವರು ಹೋಟೆಲಿನ ಕೋಣೆಯಲ್ಲಿ ಕುಳಿತು ಪುಟ್ಟ ಕಟ್ಟಡಗಳನ್ನು ಮಾಡುತ್ತಿದ್ದರು. ಸಾವಿರಾರು ಜನರ ಚಪ್ಪಾಳೆಯ ನಡುವಿನಿಂದ ಎದ್ದುಬಂದು ಒಂದು ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತ ಕೂರಬಲ್ಲ ಕೈಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಚಿತ್ತವನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಅದರಲ್ಲಿದೆ. ಆದರೆ ಧ್ಯಾನದಲ್ಲಿಯೂ ಆರ್ತ, ರೌದ್ರ, ಧರ್ಮ, ಶುಕ್ಲ ಎಂಬ ನಾಲ್ಕು ಬಗೆಗಳಿವೆ ಎಂಬುದನ್ನು ಮರೆಯಬಾರದು. ಚಿತ್ತ ನಿಂತಿತೆಂಬುದು ಅರ್ಧ ಉತ್ತರ. ಎಲ್ಲಿ ನಿಂತಿತೆಂಬುದು ಉಳಿದರ್ಧ.

ಈ ಹವ್ಯಾಸಕ್ಕೆ ಎರಡು ಮುಖಗಳಿವೆ. ಒಂದು ಕಟ್ಟುವುದು, ಓಡಿಸುವುದು. ಇನ್ನೊಂದು ಕೂಡಿಡುವುದು. ಎರಡನೆಯದರಲ್ಲಿ ಒಂದು ವಿಚಿತ್ರ ನಿಯಮವಿದೆ. ಹಳೆಯ ರೈಲೊಂದು ಮೂಲ ಪೆಟ್ಟಿಗೆಯೊಂದಿಗೆ, ಯಾರೂ ಆಡದ ಸ್ಥಿತಿಯಲ್ಲಿ ದೊರೆತರೆ ಅದಕ್ಕೆ ಹೆಚ್ಚಿನ ಬೆಲೆ. ಮಗುವೊಂದು ಆಡಿ ಬಣ್ಣ ಸವೆದಿದ್ದರೆ ಬೆಲೆ ಇಳಿಯುತ್ತದೆ. ಒಂದು ಕಾಲದ ತಂದೆ ತನ್ನ ಮಗನಿಗೆಂದು ತಂದು, ಆ ಮಗ ಮುಟ್ಟದೆ ಉಳಿದ ಆಟಿಕೆ ಇಂದು ಅತ್ಯಂತ ಅಮೂಲ್ಯ. ಆಟಿಕೆಯು ಆಡದಿರುವುದರಿಂದ ಬೆಲೆ ಪಡೆಯುತ್ತದೆಯೆಂದರೆ ಅದು ಆಟಿಕೆಯಾಗಿ ಉಳಿದಿಲ್ಲ. ಕೊಂಡವನೂ ಅದನ್ನು ಓಡಿಸುವುದಿಲ್ಲ. ಓಡಿಸಿದರೆ ಬೆಲೆ ಕುಸಿಯುತ್ತದೆ. ಪೆಟ್ಟಿಗೆ ತೆರೆಯದೆ ಕಪಾಟಿನಲ್ಲಿ ಇಡುತ್ತಾನೆ. ತನ್ನದೆಂಬ ಭಾವವೊಂದನ್ನು ಬಿಟ್ಟರೆ ಆ ವಸ್ತುವಿನಿಂದ ಅವನಿಗೆ ದೊರೆಯುವುದು ಬೇರೇನೂ ಇಲ್ಲ. ಉಪಯೋಗ, ಭೋಗ ಎರಡನ್ನೂ ಕಳೆದ ಮೇಲೆ ಶುದ್ಧವಾಗಿ ಉಳಿಯುವ ಮಮತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಸಮಂತಭದ್ರಾಚಾರ್ಯರು ಈ ವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೂ ಕೊನೆಯದೂ ಮೂಕಪ್ರಾಣಿಗಳನ್ನು ಶಕ್ತಿಮೀರಿ ನಡೆಸುವ, ಶಕ್ತಿಮೀರಿ ಹೊರಿಸುವ ದೋಷಗಳು. ಒಬ್ಬನ ಆಸೆಯ ಹೊರೆ ಇನ್ನೊಂದು ಜೀವದ ಬೆನ್ನ ಮೇಲೆ ಬೀಳುತ್ತದೆ ಎಂಬ ಕರುಣೆಯ ಎಚ್ಚರ ಅಲ್ಲಿದೆ. ನಡುವಿನ ಮೂರು ದೋಷಗಳು ಸಂಗ್ರಾಹಕನ ಕೋಣೆಯನ್ನು ನೋಡಿಯೇ ಹೇಳಿದಂತಿವೆ. ಬೇಕಾದುದಕ್ಕಿಂತ ಹೆಚ್ಚು ಕೂಡಿಡುವುದು ಅತಿಸಂಗ್ರಹ. ಪರರ ಸಿರಿಯನ್ನು ಕಂಡು ಬೆರಗಾಗಿ ಒಳಗೊಳಗೇ ಕುಗ್ಗುವುದು ವಿಸ್ಮಯ. ಇದ್ದುದರಲ್ಲಿ ತೃಪ್ತನಾಗದೆ ಇನ್ನೂ ಬೇಕೆನ್ನುವುದು ಲೋಭ. ಕಪಾಟು ತುಂಬಿದವನಿಗೆ ನೋವು ಕೊಡುವುದು ತನ್ನ ಖಾಲಿ ಕಪಾಟಲ್ಲ. ಗೆಳೆಯನ ತುಂಬಿದ ಕಪಾಟು.

ಈ ನೋವು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೂ ಶಾಸ್ತ್ರ ಬಲ್ಲದು. ಅಪರೂಪದ ವಸ್ತುಗಳು ಬಹುಮಟ್ಟಿಗೆ ಪೇಟೆಗೆ ಬರುವುದು ಅವುಗಳ ಒಡೆಯ ತೀರಿಕೊಂಡಾಗ. ಅಂಥ ವಸ್ತುವಿಗಾಗಿ ಕಾದಿರುವವನು, ವೃದ್ಧನಾದ ಮತ್ತೊಬ್ಬ ಸಂಗ್ರಾಹಕನ ಆರೋಗ್ಯವನ್ನು ವಿಚಾರಿಸುವಾಗ ಅವನ ದನಿಯಲ್ಲಿ ಏನಿರುತ್ತದೆ? ಬಾಯಲ್ಲಿ ಕ್ಷೇಮದ ಮಾತು. ಮನದ ಮೂಲೆಯಲ್ಲಿ ಹರಾಜಿನ ದಿನಾಂಕ. ಪರರಿಗೆ ಹಾನಿ ಬರಲೆಂದು ಒಳಗೊಳಗೇ ಬಗೆಯುವುದನ್ನು ಶ್ರಾವಕಾಚಾರವು ಅಪಧ್ಯಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದೆ. ಯಾವ ಪ್ರಯೋಜನವೂ ಇಲ್ಲದೆ ಆತ್ಮಕ್ಕೆ ಶಿಕ್ಷೆ ತಂದುಕೊಳ್ಳುವುದೇ ಅನರ್ಥದಂಡ. ಒಂದು ತಗಡಿನ ಆಟಿಕೆಗಾಗಿ ಮನುಷ್ಯನೊಬ್ಬನ ಸಾವನ್ನು ಎಣಿಸುವ ಸ್ಥಿತಿಗೆ ಮನಸ್ಸು ಇಳಿಯಿತೆಂದರೆ, ಆ ಹವ್ಯಾಸ ಅಹಿಂಸೆಯ ಅಂಗಳವನ್ನೂ ದಾಟಿದೆ.

ಮನೆಯೊಳಗೂ ಅದರ ಬಿರುಕು ಕಾಣಿಸುತ್ತದೆ. ಹೊಸ ಪೆಟ್ಟಿಗೆ ಹಿಂಬಾಗಿಲಿನಿಂದ ಬರುತ್ತದೆ. ಹೆಂಡತಿ ಬೆಲೆ ಕೇಳಿದರೆ ಅರ್ಧವನ್ನು ಹೇಳಲಾಗುತ್ತದೆ. ‘ಇದು ಹಳೆಯದೇ, ಮೊದಲಿನಿಂದಲೂ ಇತ್ತು’ ಎಂಬ ಮಾತು ತಮಾಷೆಯಂತೆ ಆರಂಭವಾಗಿ ರೂಢಿಯಾಗುತ್ತದೆ. ಮಗಳ ಶುಲ್ಕಕ್ಕೆಂದು ಇಟ್ಟ ಹಣ ಒಂದು ತಿಂಗಳು ಬೇರೆ ಕಡೆ ಹೋಗಿ ಬರುತ್ತದೆ. ಪುಟ್ಟ ರೈಲಿನ ಮನೆಗಳಲ್ಲಿ ಮಾತ್ರ ನಡೆಯುವ ಸಂಗತಿ ಇದಲ್ಲ. ಗಡಿಯಾರ, ಸೀರೆ, ನಾಣ್ಯ, ಹಳೆಯ ಹಿತ್ತಾಳೆ ದೀಪ, ಕ್ಯಾಮೆರಾ, ಬೈಕು, ಹೀಗೆ ಹೆಸರು ಬದಲಾದರೂ ಕಪಾಟು ಒಂದೇ. ಗಮನಿಸಬೇಕಾದುದು ಇಷ್ಟು: ಐದನೆಯ ಅಣುವ್ರತದ ಗೋಡೆ ಕುಸಿದಾಗ ಎರಡನೆಯದಾದ ಸತ್ಯದ ಗೋಡೆಯೂ ಅದರೊಡನೆ ಕುಸಿಯುತ್ತದೆ. ಪರಿಗ್ರಹಕ್ಕಾಗಿಯೇ ಮನುಷ್ಯ ಸುಳ್ಳಾಡುತ್ತಾನೆ, ಅಪಹರಿಸುತ್ತಾನೆ, ಹಿಂಸಿಸುತ್ತಾನೆ ಎಂದು ಹಿರಿಯರು ಬೋಧಿಸಿದ್ದು ರಾಜಮಹಾರಾಜರ ಯುದ್ಧಗಳನ್ನು ಮಾತ್ರ ಕುರಿತು ಅಲ್ಲ. ಮನೆಯವರಿಂದ ಮರೆಮಾಡಿ ತರಬೇಕಾದ ಯಾವ ವಸ್ತುವೂ ವಿನೋದದ ವಸ್ತುವಾಗಿ ಉಳಿದಿರುವುದಿಲ್ಲ.

ಇಂಥ ಮಾತು ಬಂದಾಗ ಕೆಲವರು ಭರತ ಚಕ್ರವರ್ತಿಯ ಹೆಸರನ್ನು ಮುಂದಿಡುವುದುಂಟು. ಷಟ್ಖಂಡದ ಒಡೆಯನಾಗಿದ್ದೂ ಭರತೇಶ ನಿರ್ಲಿಪ್ತನಾಗಿದ್ದ. ದೀಕ್ಷೆ ಹಿಡಿದ ಮೇಲೆ 48 ನಿಮಿಷಕ್ಕೂ ಕಡಿಮೆಯಾದ ಅಂತರ್ಮುಹೂರ್ತದಲ್ಲಿ ಕೇವಲಜ್ಞಾನ ಪಡೆದ. ಆದ್ದರಿಂದ ವಸ್ತು ಎಷ್ಟಿದ್ದರೇನು, ಅಂಟು ಇಲ್ಲದಿದ್ದರೆ ಸಾಕು ಎಂಬ ವಾದ. ಮೂರ್ಛೆಯೇ ಪರಿಗ್ರಹ ಎಂಬ ತತ್ತ್ವವನ್ನು ಹೀಗೆ ಕಪಾಟಿನ ರಕ್ಷಣೆಗೆ ಬಳಸುವುದು ಜಾಣತನವಿರಬಹುದು, ಸಮ್ಯಕ್‌ದೃಷ್ಟಿಯಲ್ಲ. ಅಂಟಿಲ್ಲವೆಂಬುದಕ್ಕೆ ಸರಳವಾದ ಪರೀಕ್ಷೆಯೊಂದಿದೆ. ಕಪಾಟಿನಲ್ಲಿ ಅತ್ಯಂತ ಪ್ರಿಯವಾದುದನ್ನು ಎತ್ತಿ ಮನೆಗೆ ಬಂದ ನೆರೆಮನೆಯ ಹುಡುಗನ ಕೈಗೆ ಕೊಡಬೇಕು. ಕೊಟ್ಟ ಮೇಲೆ ಆ ರಾತ್ರಿ ನಿದ್ರೆ ಬಂದರೆ ಭರತನ ಹೆಸರನ್ನು ಹೇಳಬಹುದು.

ಭರತನ ಕಥೆಯನ್ನು ಹೇಳುವವರು ವೃಷಭಾಚಲದ ಪ್ರಸಂಗವನ್ನೂ ಹೇಳಬೇಕು. ಪಂಪನ ‘ಆದಿಪುರಾಣ’ವನ್ನು ಬಲ್ಲ ಕನ್ನಡಿಗರಿಗೆ ಅದು ಪರಿಚಿತ. ದಿಗ್ವಿಜಯ ಮುಗಿಸಿದ ಭರತನು ತನ್ನ ಕೀರ್ತಿಯನ್ನು ಕೆತ್ತಿಸಲೆಂದು ಆ ಪರ್ವತದ ಬಳಿಗೆ ಬರುತ್ತಾನೆ. ತನ್ನಂಥವನು ಹಿಂದೆ ಹುಟ್ಟಿಲ್ಲವೆಂಬ ಗರ್ವ ಅವನದು. ನೋಡಿದರೆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು. ಒಂದು ಹೆಸರು ಬರೆಯುವಷ್ಟೂ ಜಾಗವಿಲ್ಲ. ಅವರೆಲ್ಲರೂ ಇದೇ ಭೂಮಿಯನ್ನು ತಮ್ಮದೆಂದವರು. ಕೊನೆಗೆ ಇನ್ನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಅಳಿಸುವ ಆ ಗಳಿಗೆಯಲ್ಲಿಯೇ, ಮುಂದೊಂದು ದಿನ ತನ್ನ ಹೆಸರನ್ನು ಅಳಿಸಲಿರುವ ಕೈಯೂ ಅವನಿಗೆ ಕಂಡಿರಬೇಕು. ಅವನ ಗರ್ವ ಇಳಿಯುತ್ತದೆ. ನೂರು ವರ್ಷ ಹಳೆಯದಾದ ಒಂದು ಎಂಜಿನ್ ಕೂಡ ಒಂದು ಪುಟ್ಟ ವೃಷಭಾಚಲವೇ. ಅದು ಎಷ್ಟು ಕೈಗಳಲ್ಲಿ ‘ನನ್ನದು’ ಎನ್ನಿಸಿಕೊಂಡು ಬಂದಿದೆಯೋ ಲೆಕ್ಕವಿಲ್ಲ. ಇಂದಿನ ಒಡೆಯ ಆ ಸಾಲಿನಲ್ಲಿ ಒಬ್ಬ, ಕೊನೆಯವನಂತೂ ಅಲ್ಲ.

ಅನಿತ್ಯ ಭಾವನೆಯನ್ನು ಚಿಂತಿಸುವವರಿಗೆ ಈ ಹವ್ಯಾಸದ ಇತಿಹಾಸದಲ್ಲಿಯೇ ಒಂದು ಪಾಠವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಮಾಂಟರೆ ಎಂಬ ಊರಿನಲ್ಲಿ ಜಾನ್ ಆಲನ್ ಎಂಬ ಛಾಯಾಗ್ರಾಹಕನಿದ್ದ. ತನ್ನ ಮನೆಯಲ್ಲಿ ಅವನು ಕಟ್ಟಿದ ಪುಟ್ಟ ರೈಲುಮಾರ್ಗ ಆ ಕ್ಷೇತ್ರದಲ್ಲಿ ದಂತಕಥೆಯಾಯಿತು. ಬೆಟ್ಟಕಣಿವೆಗಳು, ಎತ್ತರದ ಸೇತುವೆಗಳು, ಊರುಗಳು ಎಲ್ಲವೂ ಅಲ್ಲಿದ್ದವು. ಹೊಸ ಮಾದರಿಗಳ ಮೇಲೆ ಧೂಳು, ತುಕ್ಕು, ಸವೆತಗಳನ್ನು ಬಣ್ಣದಿಂದ ಮೂಡಿಸಿ, ಕಾಲವು ಅವುಗಳ ಮೇಲೆ ಹಾದುಹೋದಂತೆ ತೋರಿಸುವ ಕಲೆಯಲ್ಲಿ ಅವನು ಮುಂಚೂಣಿಯಲ್ಲಿದ್ದ. ರೈಲುಮಾರ್ಗಕ್ಕೆ ಅವನಿಟ್ಟ ಹೆಸರನ್ನು ಗಟ್ಟಿಯಾಗಿ ಓದಿದರೆ ಇಂಗ್ಲಿಷಿನಲ್ಲಿ ‘ರಕ್ತಸಿಕ್ತ, ಪರಾಜಿತ’ ಎಂಬ ಧ್ವನಿ ಬರುತ್ತಿತ್ತು. ಅದು ಅವನ ವಿನೋದ. 1973ರ ಜನವರಿಯಲ್ಲಿ ಅವನು ತೀರಿಕೊಂಡ. ಅದಾದ ಹತ್ತನೆಯ ದಿನ ಆ ಮನೆಗೆ ಬೆಂಕಿ ಬಿದ್ದು, ವರ್ಷಾನುವರ್ಷ ಕಟ್ಟಿದ ಆ ಜಗತ್ತಿನ ಬಹುಪಾಲು ಸುಟ್ಟುಹೋಯಿತು. ಬಣ್ಣದಲ್ಲಿ ಬರೆದ ಸವೆತವನ್ನು ಕಾಲವು ನಿಜ ಮಾಡಿ ತೋರಿಸಿತು. ಅವನು ಬದುಕಿದ್ದು ಅದನ್ನು ನೋಡಬೇಕಾಗಲಿಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಆ ಸಮಾಧಾನದ ಮಾತೇ ಮೂರ್ಛೆಯ ಅಳತೆಯನ್ನೂ ಹೇಳುತ್ತದೆ.

ಬೆಂಕಿ ಎಲ್ಲರ ಮನೆಗೂ ಬೀಳುವುದಿಲ್ಲ. ಬೀಳದ ಮನೆಗಳಲ್ಲಿ ನಡೆಯುವುದು ಇನ್ನಷ್ಟು ಸದ್ದಿಲ್ಲದ ಸಂಗತಿ. ಹದಿನೈದು ದಿನ ಕಳೆದ ಮೇಲೆ ಮಕ್ಕಳು ತಂದೆಯ ಕೋಣೆಯ ಬಾಗಿಲು ತೆರೆಯುತ್ತಾರೆ. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಯಾವುದರ ಹೆಸರೂ ಅವರಿಗೆ ತಿಳಿಯದು. ಬಾಲ್ಯದಲ್ಲಿ ಅವರು ಮುಟ್ಟಬಾರದೆಂದು ಎತ್ತರದಲ್ಲಿಟ್ಟಿದ್ದ ವಸ್ತುಗಳು ಈಗ ಕೈಗೆ ಎಟಕುತ್ತಿವೆ. ಆಡುವ ವಯಸ್ಸು ಮಾತ್ರ ಕಳೆದಿದೆ. ಕೊಳ್ಳುವವನು ಬಂದು ಎಲ್ಲಕ್ಕೂ ಸೇರಿಸಿ ಒಂದು ಮೊತ್ತ ಹೇಳುತ್ತಾನೆ. ತಂದೆ ಒಂದೊಂದನ್ನು ತರಲು ಪಟ್ಟ ಕಷ್ಟ, ಹೇಳಿದ ಸುಳ್ಳು, ಕಳೆದ ನಿದ್ರೆ ಯಾವುದೂ ಆ ಮೊತ್ತದಲ್ಲಿ ಸೇರಿರುವುದಿಲ್ಲ. ಮಕ್ಕಳ ನೆನಪಿನಲ್ಲಿ ತಂದೆಯ ಸಂಗ್ರಹ ಎಂದರೆ ಬೀಗ ಹಾಕಿದ ಬಾಗಿಲು ಎಂದಾದರೆ, ಅದಕ್ಕಿಂತ ದೊಡ್ಡ ನಷ್ಟವನ್ನು ಯಾವ ಹರಾಜೂ ತರಲಾರದು.

ಪರಿಹಾರವನ್ನು ಶಾಸ್ತ್ರವೇ ಹೇಳಿದೆ. ಅದು ಕಠಿಣವೂ ಅಲ್ಲ. ಇಚ್ಛಾಪರಿಮಾಣ ವ್ರತದ ತಿರುಳು ಅದರ ಕಾಲದಲ್ಲಿದೆ. ಮಿತಿಯನ್ನು ಕೊಳ್ಳುವ ಮೊದಲೇ ಗೊತ್ತುಮಾಡಬೇಕು. ಕಪಾಟು ತುಂಬಿದ ಮೇಲೆ ‘ಇನ್ನು ಸಾಕು’ ಎನ್ನುವುದು ದಣಿವು. ಕೊಂಡ ಮೇಲೆ ಮಿತಿಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುವುದು ಆತ್ಮವಂಚನೆ. ಹತ್ತು ಎಂಜಿನ್ನುಗಳಾದರೆ ಹತ್ತು. ಹನ್ನೊಂದನೆಯದು ಬರಬೇಕಾದರೆ ಹತ್ತರಲ್ಲೊಂದು ಹೊರಡಬೇಕು. ವರ್ಷಕ್ಕೆ ಇಷ್ಟೇ ಹಣವೆಂದರೆ ಇಷ್ಟೇ. ಈ ಸಂಖ್ಯೆಯನ್ನು ಮನದಲ್ಲಿಟ್ಟುಕೊಂಡರೆ ಸಾಲದು; ದೇವಗುರುಗಳ ಸನ್ನಿಧಿಯಲ್ಲಿ, ಮನೆಯವರ ಎದುರಿನಲ್ಲಿ ಬಾಯಿಬಿಟ್ಟು ಹೇಳಬೇಕು. ಏಕೆಂದರೆ ಮನಸ್ಸು ಒಳ್ಳೆಯ ವಕೀಲ. ಹೊಲಗಳ ಎಣಿಕೆಗೆ ಮಿತಿ ಹಾಕಿಕೊಂಡವನು ನಡುವಿನ ಬದುವನ್ನು ಕಿತ್ತು ಎರಡು ಹೊಲಗಳನ್ನು ಒಂದು ಮಾಡಿ, ವ್ರತ ಮುರಿದಿಲ್ಲವೆಂದು ಹೇಳುವ ಉಪಾಯವನ್ನು ಹಿಂದಿನ ವ್ಯಾಖ್ಯಾನಕಾರರು ಬಲ್ಲವರಾಗಿದ್ದರು. ಅದನ್ನು ದೋಷವೆಂದೇ ಎಣಿಸಿದರು. ಇಂದಿನ ಸಂಗ್ರಾಹಕ ಒಂದು ಎಂಜಿನ್, ಎಂಟು ಡಬ್ಬಿಗಳನ್ನು ಒಂದು ‘ಸೆಟ್’ ಎಂದು ಲೆಕ್ಕ ಹಾಕುವಾಗ ಕೀಳುತ್ತಿರುವುದು ಅದೇ ಬದುವನ್ನು.

ಮಿತಿಯಿಂದ ಹವ್ಯಾಸದ ಸವಿ ಕುಂದುತ್ತದೆ ಎಂಬ ಭಯ ಬೇಡ. ಹತ್ತೇ ಇರುವವನು ಹತ್ತನ್ನೂ ಓಡಿಸುತ್ತಾನೆ, ಎಣ್ಣೆ ಹಾಕುತ್ತಾನೆ, ಮುರಿದರೆ ಕುಳಿತು ಸರಿಮಾಡುತ್ತಾನೆ. ನೂರಿರುವವನಿಗೆ ಪಟ್ಟಿ ಬರೆಯುವುದರಲ್ಲಿಯೇ ರಾತ್ರಿ ಕಳೆಯುತ್ತದೆ. ಮಾರುವವರು ತೋರಿಸುವ ಅವಸರಕ್ಕೂ ಮಿತಿಯುಳ್ಳವನು ಮಣಿಯುವುದಿಲ್ಲ. ‘ಕೆಲವೇ ಪ್ರತಿಗಳು’, ‘ಈ ವರ್ಷ ಮಾತ್ರ’ ಎಂಬ ಕರೆಗಳು ಬಯಕೆಗೆ ಗಡುವು ಹಾಕುವ ತಂತ್ರಗಳು. ಮುಗಿಯದ ಹಳಿಯನ್ನು ಜಗತ್ತಿಗೆ ಮಾರಿದ ಮೆರ್ಕ್ಲಿನ್ ಕೂಡ 1859ರಲ್ಲಿ ಆರಂಭವಾಗಿ, ತನ್ನ 150ನೆಯ ವರ್ಷವಾದ 2009ರಲ್ಲಿ ಸಾಲ ತೀರಿಸಲಾಗದೆ ದಿವಾಳಿಯ ಅರ್ಜಿ ಸಲ್ಲಿಸಿತು. ಮುಂದೆ ಚೇತರಿಸಿಕೊಂಡು ಉಳಿಯಿತೆಂಬುದು ಬೇರೆ ಮಾತು. ಮಿತಿಯಿಲ್ಲದ ಬೆಳವಣಿಗೆಯ ಕನಸನ್ನು ಮಾರುವವನಿಗೂ ಮಿತಿ ಇದ್ದೇ ಇದೆ.

ಮಿತಿಗೆ ಜೊತೆಯಾಗಬೇಕಾದುದು ದಾನ. ಮೂರ್ಛೆಗೆ ನೇರವಾದ ಔಷಧ ಅದೊಂದೇ. ವಸ್ತುವನ್ನು ಪೂರ್ತಿ ಕೊಡಲಾಗದಿದ್ದರೆ ಅದರ ಸಂತೋಷವನ್ನಾದರೂ ಕೊಡಬಹುದು. ಪುಣೆಯ ಕೋಥ್ರೂಡ್ ಬಡಾವಣೆಯಲ್ಲಿ ಬಿ.ಎಸ್. ಜೋಶಿ ಎಂಬವರ ಹವ್ಯಾಸವಾಗಿ ಬೆಳೆದ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಿಂದ ಸಾರ್ವಜನಿಕರಿಗೆ ತೆರೆದುಕೊಂಡಿದೆ. ಒಬ್ಬನ ಕೋಣೆಯಲ್ಲಿ ಉಳಿಯಬಹುದಾಗಿದ್ದ ರೈಲುಗಳು ಅಲ್ಲಿ ಮಕ್ಕಳ ಕಣ್ಣೆದುರು ಓಡುತ್ತವೆ. ಕೆನಡಾ ಮೂಲದ ಗಾಯಕ ನೀಲ್ ಯಂಗ್ ಅವರ ಮಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲುಗಳ ಮೇಲೆ ಹಿಡಿತವಿಲ್ಲ. ಆ ಮಗ ತಾನೇ ರೈಲನ್ನು ನಡೆಸುವಂತಾಗಲೆಂದು ತಂದೆ ಹೊಸ ಬಗೆಯ ನಿಯಂತ್ರಣ ಸಾಧನಗಳನ್ನು ರೂಪಿಸಲು ತೊಡಗಿದರು. ಆ ಕೆಲಸವೇ ಮುಂದೆ ಅವರನ್ನು ಲಯೊನೆಲ್ ಸಂಸ್ಥೆಯೊಂದಿಗೆ ಬೆಸೆಯಿತು. ತಗಡು, ತಂತಿ, ಚಕ್ರ ಎಲ್ಲ ಕಡೆಯೂ ಒಂದೇ. ಒಂದು ಕಡೆ ಮಗು ಮುಟ್ಟಿದರೆ ಬೆಲೆ ಇಳಿಯುವ ವಸ್ತು. ಇನ್ನೊಂದು ಕಡೆ ಮಗು ಮುಟ್ಟಲೆಂದೇ ಹೊಸದಾಗಿ ರೂಪುಗೊಂಡ ವಸ್ತು. ಅನುಕಂಪೆ ಸೇರಿದಾಗ ಪರಿಗ್ರಹದ ಬಿಗಿತ ಹೇಗೆ ಸಡಿಲವಾಗುತ್ತದೆ ಎಂಬುದು ಈ ಎರಡರ ಅಂತರದಲ್ಲಿದೆ.

ಮನೆಯ ಮೇಜಿನ ಮೇಲೆ ಹಾಕುವ ಹಳಿ ಬಹುಮಟ್ಟಿಗೆ ವೃತ್ತಾಕಾರ. ರೈಲು ಹೊರಟ ನಿಲ್ದಾಣಕ್ಕೇ ಮರಳುತ್ತದೆ, ಮತ್ತೆ ಹೊರಡುತ್ತದೆ. ಸಂಸಾರದ ಪರಿಭ್ರಮಣವನ್ನು ಮಕ್ಕಳಿಗೆ ವಿವರಿಸಲು ಅದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಆದರೆ ಮೇಜಿನ ಮೇಲಿನ ರೈಲಿಗೆ ಒಂದು ಅನುಕೂಲವಿದೆ: ಅದನ್ನು ನಿಲ್ಲಿಸುವ ಗುಂಡಿ ನಡೆಸುವವನ ಕೈಯಲ್ಲಿಯೇ ಇರುತ್ತದೆ. ಇಚ್ಛೆಯ ವಿಷಯದಲ್ಲಿ ಅಂಥದೊಂದು ಗುಂಡಿಯನ್ನು ಆಚಾರ್ಯರು ಗೃಹಸ್ಥನ ಕೈಗೆ ಕೊಟ್ಟಿದ್ದಾರೆ. ಅದನ್ನು ಒತ್ತಲು ಮನೆ ಬಿಡಬೇಕಾಗಿಲ್ಲ, ಹವ್ಯಾಸವನ್ನೂ ಬಿಡಬೇಕಾಗಿಲ್ಲ. ಮುಂದಿನ ಪೆಟ್ಟಿಗೆಗೆ ಹಣ ಕಟ್ಟುವ ಮುನ್ನ, ಇಂದಿನ ಸಂಜೆಯ ಸಾಮಾಯಿಕ ಮುಗಿದ ಮೇಲೆ, ಒಂದು ಹಾಳೆಯಲ್ಲಿ ಒಂದು ಸಂಖ್ಯೆಯನ್ನು ಬರೆದು ಮನೆಯವರ ಮುಂದೆ ಇಟ್ಟರೆ ಸಾಕು. ಕಪಾಟಿನ ಬೀಗದ ಕೈಯನ್ನು ಆ ಹಾಳೆಯ ಮೇಲೆಯೇ ಇಟ್ಟು ಏಳುವ ಶ್ರಾವಕನು ಇನ್ನೂ ಒಂದು ಹೆಜ್ಜೆ ಮುಂದೆ ಇಟ್ಟಂತೆ.